ಐದು ಕೆ.ಜಿ. ಆರುನೂರು

ಮೂರನೇ ಏಟಿಗೆ ಸುತ್ತಿಗೆಯ ಹಿಡಿ ಮುರಿಯಿತು. ಕಬ್ಬಿಣದ ತಲೆ ಹಾರಿ ಬಾವಿಕಟ್ಟೆಗೆ ಬಡಿಯಿತು. ಕೈಯಲ್ಲುಳಿದ ಮರದ ತುಂಡಿನಿಂದಲೇ ನಾಲ್ಕನೆಯದನ್ನು ಹೊಡೆಯಲು ಸುಧೀರ್ ತೋಳೆತ್ತಿದ್ದ. ಅಷ್ಟರಲ್ಲಿ ಯೋಗೀಶ್ ಜಗಲಿಯಿಂದ ಹಾರಿ ಬಂದು ಅಣ್ಣನ ಹೊಟ್ಟೆಗೆ ತಲೆಯಿಂದ ಗುದ್ದಿದ. ಇಬ್ಬರೂ ಖಾಲಿ ಮೀನಿನ ಕ್ರೇಟುಗಳ ಮೇಲೆ ಬಿದ್ದರು. ಏಟು ತಿಂದ ಕಾರಿನ ಅಲಾಯ್ ವೀಲ್ ಅಂಗಳದ ಸಿಮೆಂಟಿನ ಮೇಲೆ ತಟ್ಟೆಯಂತೆ ಗಿರಗಿರನೆ ಸುತ್ತಿ, ತುಳಸಿಕಟ್ಟೆಯ ಬುಡದಲ್ಲಿ ಮಲಗಿತು.

ಬಂಗುಡೆ ಕೊಯ್ಯುತ್ತಿದ್ದ ಜಲಜ ಕತ್ತಿ ಬಿಟ್ಟು ಎದ್ದಳು.

“ಬಿಡಾ! ಬಿಡ್ ಅವನ್ನ!”

ಯಾರು ಯಾರನ್ನು ಬಿಡಬೇಕು ಎಂದು ಅವಳು ಹೇಳಲಿಲ್ಲ. ಇಬ್ಬರೂ ಅವಳ ಮಕ್ಕಳು. ದೊಡ್ಡವನು ಚಿಕ್ಕವನ ಕುತ್ತಿಗೆ ಹಿಡಿದು ತಲೆಯನ್ನು ನೆಲಕ್ಕೆ ಬಡಿಯುತ್ತಿದ್ದ. ಚಿಕ್ಕವನು ಕೈಗೆ ಸಿಕ್ಕಿದ ವೀಲ್ ಸ್ಪ್ಯಾನರಿನಿಂದ ಅಣ್ಣನ ಹುಬ್ಬಿನ ಮೇಲೆ ಬಾರಿಸಿದ. ಚರ್ಮ ಬಾಯಿ ಬಿಟ್ಟು ಒಳಗಿನ ಬಿಳಿ ಒಂದು ಗಳಿಗೆ ಕಾಣಿಸಿ ಆಮೇಲೆ ರಕ್ತ ಬಂತು. ಸುಧೀರ್ ಆ ರಕ್ತದ ಮುಖವನ್ನೇ ತಮ್ಮನ ಭುಜಕ್ಕೆ ಒತ್ತಿ ಹಲ್ಲು ಊರಿದ.

ಜಲಜ ಮೀನು ತೊಳೆದ ನೀರಿನ ಬಕೆಟ್ಟನ್ನು ಎತ್ತಿ ಇಬ್ಬರ ಮೇಲೂ ಸುರಿದಳು. ಕಿವಿರು, ಕರುಳು, ಪರೆಗಳೆಲ್ಲ ಮೈಮೇಲೆ ಅಂಟಿಕೊಂಡವು. ಆದರೂ ಅವರು ಬಿಡಲಿಲ್ಲ. ಸ್ನಾನದ ಕೋಣೆಯಿಂದ ಒದ್ದೆ ಪಂಚೆಯಲ್ಲಿ ಓಡಿ ಬಂದ ಕರಿಯ, ಬಲೆಯ ಹಗ್ಗವನ್ನು ಮಡಚಿ ಇಬ್ಬರ ಬೆನ್ನಿಗೂ ಬೀಸಿದ ಮೇಲೆಯೇ ಬೇರೆಯಾದದ್ದು. ಮೂವತ್ತೈದು ವರ್ಷ ಬೋಟಿನಲ್ಲಿ ತಾಂಡೇಲನಾಗಿ ಹತ್ತಾರು ಆಳುಗಳನ್ನು ಆಳಿದ ಕೈ ಅದು, ಮಕ್ಕಳೆಂದು ಮೆತ್ತಗಾಗಲಿಲ್ಲ.

“ಎಂತ ನಿಂಗೆ? ಹುಚ್ಚ್ ಹಿಡ್ದಿತ್ತಾ?” ಎಂದು ಕರಿಯ ದೊಡ್ಡವನನ್ನು ಕೇಳಿದ.

“ಬಗ್ಗುತ್ತಾ ಒಡಿತ್ತಾ ಅಂತ ಕಂಡದ್ದ್,” ಅಂದ ಸುಧೀರ್. ಕಣ್ಣಿಗಿಳಿದ ರಕ್ತವನ್ನು ಒರೆಸಿಕೊಳ್ಳಲಿಲ್ಲ. “ನನ್ ಟೆಂಪೋಗೆ ಟೈರ್ ಕೇಂಡ್ರೆ ಮಳಿಗಾಲ ಕಳಿಲಿ ಅಂದ್ರಿ. ಇವ್ನ್ ಆಟದ್ ಕಾರಿಗೆ ಬೆಳ್ಳಿ ಚಕ್ರ. ಇವತ್ತ್ ಒತ್ತಿನೆಣೆ ಇಳಿಜಾರಲ್ಲಿ ನಾ ಸಾಯ್ಲಿಲ್ಲೆ ಅಲ್ದಾ, ಅದೇ ತಪ್ಪಾಯ್ತ್.”

ಅವನ ಮೊಣಕಾಲುಗಳೆರಡೂ ಆಗಲೇ ಕೆತ್ತಿಹೋಗಿದ್ದವು. ಬೆಳಿಗ್ಗೆ ಆರಕ್ಕೆ, ಗಂಗೊಳ್ಳಿಯಿಂದ ಮೀನು ತುಂಬಿಕೊಂಡು ಬೈಂದೂರು ದಾಟಿ ಶಿರೂರಿಗೆ ಹೋಗುವಾಗ, ಸವೆದ ಮುಂದಿನ ಟೈರು ಸಿಡಿದು ಟೆಂಪೋ ಹೆದ್ದಾರಿಯ ಕಂಬಕ್ಕೆ ಉಜ್ಜಿಕೊಂಡು ನಿಂತಿತ್ತು. ಎರಡು ಕ್ವಿಂಟಲ್ ಬೈಗೆ ಮೀನು ರಸ್ತೆಯ ಮೇಲೆ. ಹಿಂದೆ ಬಂದ ಲಾರಿಗಳು ಅದರ ಮೇಲೆಯೇ ಹಾದುಹೋಗಿದ್ದವು.

ಬಾಗಿಲಲ್ಲಿ ನಿಂತಿದ್ದ ಸುಧೀರನ ಹೆಂಡತಿ ವಿನಯಾ ಗಂಡನ ಹುಬ್ಬಿಗೆ ಒತ್ತಲು ಬಟ್ಟೆ ತಂದಳು. ತರುವಾಗ ದಾರಿಗಡ್ಡ ಬಿದ್ದಿದ್ದ ಯೋಗೀಶನ ಕಾಲನ್ನು ದಾಟಲಿಲ್ಲ, ತುಳಿದೇ ಬಂದಳು.

*

ಹಿಂದಿನ ಸಂಜೆ ಅದೇ ಜಗಲಿಯಲ್ಲಿ ನಗುವಿತ್ತು.

ಕರಿಯ ದುಡ್ಡು ಕೊಟ್ಟು ತರಿಸಿದ ಹೊಸ ವೀಲ್‌ಗಳು ನಾಲ್ಕು ರಟ್ಟಿನ ಪೆಟ್ಟಿಗೆಗಳಲ್ಲಿ ಬಂದಿದ್ದವು. ಯೋಗೀಶ್ ತಲ್ಲೂರಿನಲ್ಲಿ ಹೆದ್ದಾರಿ ಪಕ್ಕದ ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಯಾರೋ ಮಾರಿದ ಹಳೆಯ ಚಿಕ್ಕ ಕಾರೊಂದನ್ನು ಎರಡು ವರ್ಷ ಬಿಚ್ಚಿ ಕಟ್ಟಿ ಕಾರು ಓಟದ ಸ್ಪರ್ಧೆಗೆ ತಯಾರು ಮಾಡಿದ್ದ. ಕಳೆದ ಸಲ ಮೂರನೆಯವನಾಗಿದ್ದ. ಮೊದಲಿನವನಿಗೂ ಅವನಿಗೂ ಇದ್ದದ್ದು ಒಂದು ಸೆಕೆಂಡಿನೊಳಗೆ. ಆ ಒಂದು ಸೆಕೆಂಡು ಈ ಪೆಟ್ಟಿಗೆಗಳಲ್ಲಿದೆ ಎಂದು ಅವನ ನಂಬಿಕೆ. ಈ ಸಲ ಮೊದಲು ಬಂದವನನ್ನು ಮಂಗಳೂರಿನ ಒಂದು ತಂಡ ಡ್ರೈವರನಾಗಿ ತೆಗೆದುಕೊಳ್ಳುವುದಿತ್ತು.

ಕರಿಯ ಮೀನು ತೂಗುವ ಕಾಟಾದ ಮೇಲೆ ಪೇಪರ್ ಹಾಸಿ ಮೊದಲು ಕಾರಿನ ಹಳೆಯ ವೀಲ್ ಇಟ್ಟ. ಕೆಂಪು ಅಂಕಿ ಹೊಳೆಯಿತು: ಒಂಬತ್ತು ಕೆ.ಜಿ. ನೂರು. ಆಮೇಲೆ ಹೊಸದು: ಐದು ಕೆ.ಜಿ. ಆರುನೂರು. ಎರಡನ್ನೂ ಚಾಕ್‌ನಲ್ಲಿ ಗೋಡೆಯ ಮೇಲೆ ಬರೆದ.

“ಒಂದಕ್ಕೆ ಮೂರೂವರೆ. ನಾಲ್ಕಕ್ಕೆ ಹದಿನಾಲ್ಕ್ ಕೆ.ಜಿ. ಕಮ್ಮಿ,” ಅಂದ.

“ಹದಿನಾಲ್ಕ್ ಕೆ.ಜಿ. ಇಳ್ಸುಕೆ ಇಷ್ಟೆಲ್ಲ ಎಂತಕೆ?” ಸುಧೀರ್ ಊಟದ ತಟ್ಟೆಯಿಂದಲೇ ಕೂಗಿದ. “ಇವ್ನ್ ಎರಡ್ ತಿಂಗ್ಳ್ ರಾತ್ರಿ ಗಂಜಿ ಉಂಡ್ರೆ ಸಾಕ್. ಹೊಟ್ಟಿ ಕಾಣ್.”

“ಹೊಟ್ಟಿ ತೂಕ ಬೇರೆ, ಚಕ್ರದ್ ತೂಕ ಬೇರೆ ಅಣ್ಣ,” ಯೋಗೀಶ್ ಖುಷಿಯಲ್ಲಿದ್ದ, ಸಿಟ್ಟು ಮಾಡಿಕೊಳ್ಳಲಿಲ್ಲ. “ಹೊಟ್ಟಿನ ಕಾರ್ ಹೊತ್ಕಂಡ್ರೆ ಆಯ್ತ್. ಚಕ್ರನ ಹೊರುದಲ್ಲ, ತಿರ್ಗ್ಸ್ಕ್. ಬ್ರೇಕ್ ಹಿಡ್ದಾಗ ನಿಲ್ಸ್ಕ್. ಹಗುರ ಆದ್ರೆ ಬೇಗ ಓಡ್ತ್, ಬೇಗ ನಿಲ್ತ್. ಗುಂಡಿ ಹಾರಿದ್ರೂ ಗಾಳಿಲಿ ನಿಲ್ಲುದಿಲ್ಲೆ, ಕೂಡ್ಲೆ ನೆಲ ಹಿಡಿತ್ತ್.”

“ಫ್ಯಾನ್ ಕಣಾ ಇದ್,” ಕರಿಯನ ಮುಖ ಅರಳಿತು. ನೀರಿನಡಿಯಲ್ಲಿ ಬೋಟನ್ನು ದೂಡುವ ಕಂಚಿನ ಫ್ಯಾನಿನ ಮಾತು ಅದು. “ಭಾರದ್ ಫ್ಯಾನ್ ಹಾಕ್ರೆ ಇಂಜಿನ್ ಕೆಮ್ಮುತ್ತ್, ಬೋಟ್ ಏಳುದೇ ಇಲ್ಲೆ. ಹಗುರದ್ ಹಾಕಿ ಕಾಣ್, ಹಕ್ಕಿ. ನಂಗೆ ಇವ್ನ್ ಹೇಳುದ್ ಅರ್ಥ ಆತ್ತ್.”

ಮೂವತ್ತು ವರ್ಷಗಳಲ್ಲಿ ಗಂಡ ಮಗನೊಬ್ಬನಿಗೆ ಹಾಗೆ ಹೇಳಿದ್ದನ್ನು ಜಲಜ ಕೇಳಿರಲಿಲ್ಲ.

“ಹಗುರ ಅಂದ್ರೆ ತೆಳು ಅಪ್ಪಯ್ಯ,” ಅಂದ ಸುಧೀರ್. “ಕಬ್ಬಿಣದ್ ಡಿಸ್ಕ್ ಬಗ್ಗುತ್ತ್, ಬಡ್ದ್ ಸಮ ಮಾಡ್ಲಕ್. ಇದ್ ಬಗ್ಗುದಿಲ್ಲೆ. ಒಡಿತ್ತ್.”

“ಬೋಟ್ ಹತ್ತಿದ್ರೆ ವಾಂತಿ ಮಾಡ್ವವ ನೀನ್. ನಿಂಗೆ ಫ್ಯಾನ್ ಬಗ್ಗೆ ಎಂತ ಗೊತ್ತಿತ್ತ್?”

ಎಲ್ಲರೂ ನಕ್ಕರು. ವಿನಯಾ ನಗಲಿಲ್ಲ. ಅವಳು ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, “ಟೈರಿನ್ ಮಾತ್ ಕೇಣಿ,” ಎಂದು ಮೆಲ್ಲಗೆ ಹೇಳಿದಳು. ಸುಧೀರ್ ಅಪ್ಪನ ಹತ್ತಿರ ಹೊಸ ಟೈರು ಕೇಳಿದ. ಮಳೆಗಾಲ ಕಳೆಯಲಿ ಎಂದ ಕರಿಯ.

*

ಜಗಳದ ದಿನ ಮಧ್ಯಾಹ್ನ ಮಕ್ಕಳಿಬ್ಬರೂ ಹೊಲಿಗೆ ಹಾಕಿಸಿಕೊಳ್ಳಲು ಹೋದಾಗ ಕರಿಯ ಆ ವೀಲನ್ನು ಬಾವಿಕಟ್ಟೆಯ ಮೇಲಿಟ್ಟು ಬೆರಳುಗುರಿನಿಂದ ಸವರಿದ. ಒಂದು ಕಡ್ಡಿಯ ಬುಡದಲ್ಲಿ ಉಗುರು ನಿಂತಿತು. ಕೂದಲಿನಷ್ಟು ಸಣ್ಣ ಗೆರೆ, ಅಂಚಿನವರೆಗೂ ಹೋಗಿತ್ತು.

“ಒಡ್ದಿತ್ತಾ?” ಎಂದು ಜಲಜ ಕೇಳಿದಳು.

“ಬುಟ್ಟಿ ತಕಾ. ಗಂಗೊಳ್ಳಿಗೆ ಹೋಪ.”

ಮರುದಿನದ ಮಾರಾಟಕ್ಕೆ ಹೇಗೂ ಮೀನು ನೋಡಬೇಕಿತ್ತು. ಅವಳ ಬುಟ್ಟಿಯಲ್ಲಿ ಬಾಳೆಲೆಯ ಅಡಿಯಲ್ಲಿ ವೀಲ್ ಇಟ್ಟುಕೊಂಡು ಇಬ್ಬರೂ ಬಸ್ಸು ಹತ್ತಿದರು. ಬಂದರಿನ ಹಿಂದೆ ಮುತ್ತುವಿನ ವೆಲ್ಡಿಂಗ್ ಶೆಡ್ಡು. ಕಲ್ಲಿಗೆ ಬಡಿದು ಎಲೆ ಮುರಿದ ಫ್ಯಾನುಗಳು ಅಲ್ಲಿ ಸಾಲಾಗಿ ಮಲಗಿರುತ್ತಿದ್ದವು. ಮುತ್ತು ಬೆಸೆದು, ಅರೆದು, ಹೊಳಪು ಹಚ್ಚಿ ಕೊಟ್ಟರೆ ಮತ್ತೆ ನಾಲ್ಕು ವರ್ಷ ನೀರಿನಲ್ಲಿ. ಕರಿಯನ ಬೋಟಿನ ಫ್ಯಾನೊಂದು ಆರು ಸಲ ಅವನ ಕೈಗೆ ಬಂದಿತ್ತು.

ಮುತ್ತು ವೀಲನ್ನು ಬೆಳಕಿಗೆ ಹಿಡಿದು ತಿರುಗಿಸಿದ. ತಲೆ ಆಡಿಸಿದ.

“ಕರಿಯಣ್ಣ, ಇದ್ ಫ್ಯಾನ್ ಅಲ್ಲ ಮಾರಾಯ್ರೆ. ಬೆಂಕಿ ಕೊಟ್ಟ್ರೆ ಇದ್ರ ಗಟ್ಟಿ ಹೋತ್ತ್ ಅಂತ್ರ್. ಅಂಟ್ಸಿ ಕೊಡ್ತೆ. ಅಂಟ್ಸಿದ್ ಜಾಗ ಒಡಿಯುದಿಲ್ಲೆ. ಅದ್ರ ಪಕ್ಕ ಒಡಿತ್ತ್.”

“ನೀರಿಗಿಂತ ರಸ್ತೆ ಗಟ್ಟಿಯಾ? ಫ್ಯಾನ್ ತಡಿತ್ತ್, ಇದ್ ತಡಿಯದಾ?”

“ನಿಮ್ ಮಗ ಕಾರ್ ಬಿಡುದ್ ನೂರರ್ ಸ್ಪೀಡಿನ್ ಮೇಲ್ ಅಲ್ದಾ?”

“ನಿಂಗೆ ಆತ್ತಾ ಇಲ್ಲ್ಯಾ ಹೇಳ್. ಇಲ್ದಿರೆ ಮಲ್ಪೆಗೆ ಹೋತೆ.”

ಮುತ್ತು ಕಣ್ಣಿಗೆ ಕನ್ನಡಕ ಎಳೆದುಕೊಂಡ. ನೀಲಿ ಬೆಳಕು ಉರಿಯುವಷ್ಟು ಹೊತ್ತೂ ಜಲಜ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಆಮೇಲೆ ಅರೆದ, ಉಪ್ಪುಕಾಗದ ಹಾಕಿದ, ಬೆಳ್ಳಿ ಬಣ್ಣ ಊದಿದ. ಒಣಗಿದ ಮೇಲೆ ಎಲ್ಲಿ ಬಿರುಕಿತ್ತೆಂದು ಕರಿಯನ ಉಗುರಿಗೂ ತಿಳಿಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಹೇಳಿದ, “ಬೆಸುಗಿ ಮಾತ್ ಯೋಗೀಶಂಗೆ ಹೇಳ್ಬೇಡ. ಮುತ್ತು ಕಂಡ, ಬಿರುಕಿಲ್ಲೆ, ಬಣ್ಣ ಹೊಡ್ದ ಅಂದ್ರೆ ಸಾಕ್.”

“ಎಂತಕೆ?”

“ಫ್ಯಾನಿಗೆ ಬೆಸುಗಿ ಬಿದ್ದದ್ದ್ ತಾಂಡೇಲ ಆಳುಗಳಿಗೆ ಹೇಳುದಿಲ್ಲೆ. ಹೇಳ್ರೆ ಎಲ್ಲ ಕಿವಿ ಕೆಳ್ಗೇ ಇಟ್ಕಂಡ್ ಕೂಕಂತ್ರ್. ಬಲೆ ಎಳುಕೆ ಕೈಯೇ ಏಳುದಿಲ್ಲೆ. ಹೊಸ್ತ್ ತರ್ಸುಕೆ ಒಂದೂವರೆ ತಿಂಗ್ಳ್. ಸ್ಪರ್ಧೆಗೆ ಮೂರ್ ವಾರ. ಇದಿಲ್ದಿರೆ ಅವ ಹೋಪುದೇ ಇಲ್ಲೆ. ಹೆದ್ರಿಕಂಡ್ ಓಡ್ಸಿದ್ರೆ ಸಾಯ್ತ.”

ಜಲಜ ಕಿಟಕಿಯಾಚೆ ನೋಡಿದಳು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ. ಬುಟ್ಟಿ ಅವಳ ಮಡಿಲಲ್ಲಿತ್ತು.

*

ಕಿರಿಮಂಜೇಶ್ವರದ ಆ ಮನೆಯಲ್ಲಿ ಆಮೇಲಿನ ಮೂರು ವಾರ ಎರಡು ಅಡುಗೆ. ವಿನಯಾ ಹಿಂದಿನ ಚಪ್ಪರದಲ್ಲಿ ಗ್ಯಾಸ್ ಇಟ್ಟುಕೊಂಡು ತನಗೂ ಗಂಡನಿಗೂ ಬೇಯಿಸುತ್ತಿದ್ದಳು. ಮೀನು ಒಂದೇ ಕ್ರೇಟಿನದು, ಉಪ್ಪು ಒಂದೇ ಭರಣಿಯದು. ಒಗ್ಗರಣೆಯ ಸದ್ದು ಮಾತ್ರ ಎರಡು ಕಡೆ. ಸುಧೀರ್ ಸವೆದ ಟೈರಿಗೆ ರೀಟ್ರೆಡ್ ಹಾಕಿಸಿಕೊಂಡು ಮತ್ತೆ ಟೆಂಪೋ ಹತ್ತಿದ. ಹುಬ್ಬಿನ ಮೇಲೆ ಏಳು ಹೊಲಿಗೆ. ತಮ್ಮನಿಗೆ ಭುಜದಲ್ಲಿ ಹಲ್ಲಿನ ಗುರುತು. ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ಜಲಜಳ ಮೂಲಕ ಹೇಳಿ ಕಳಿಸುತ್ತಿದ್ದರು.

“ಅಮ್ಮ, ನಿನ್ ದೊಡ್ಡ್ ಮಗಂಗೆ ಹೇಳ್, ಟೆಂಪೋ ಬೇರೆ ಕಡೆ ನಿಲ್ಸುಕೆ. ಕಾರ್ ತೆಗಿಕ್.”

“ಅಮ್ಮ, ಅವಂಗೆ ಹೇಳ್, ಈ ಟೆಂಪೋ ಮನಿಗೆ ಅನ್ನ ತರುದ್. ಆ ಕಾರ್ ಹೆಣ ತರುದ್.”

“ಬಾಯ್ ತೊಳ್ಕಣಿ ಇಬ್ರೂ,” ಅನ್ನುವಳು ಜಲಜ.

ಸ್ಪರ್ಧೆಯ ಹಿಂದಿನ ಸಂಜೆ ಯೋಗೀಶ್ ನಾಲ್ಕೂ ವೀಲ್‌ಗಳಿಗೆ ಟೈರು ಹಾಕುವ ಮುಂಚೆ ಒಂದೊಂದನ್ನೇ ಕಾಟಾದ ಮೇಲಿಟ್ಟ. ಮೊದಲ ಮೂರೂ ಐದು ಕೆ.ಜಿ. ಆರುನೂರು. ನಾಲ್ಕನೆಯದು ಐದು ಆರುನೂರೈವತ್ತು.

“ಅಪ್ಪಯ್ಯ, ಇದ್ರಲ್ಲಿ ಐವತ್ತ್ ಗ್ರಾಂ ಜಾಸ್ತಿ ಇತ್ತಲೆ?”

ಕರಿಯ ಬಲೆ ಹೆಣೆಯುವ ಸೂಜಿಯಿಂದ ತಲೆ ಎತ್ತಲಿಲ್ಲ. “ಬಣ್ಣ.”

“ಐವತ್ತ್ ಗ್ರಾಂ ಬಣ್ಣವಾ?”

“ಬಿರುಕಿಲ್ಲೆ ಅಂತ ಮುತ್ತುವೇ ಹೇಳಿದ್ದ. ನೀ ಅವನಿಗಿಂತ ಬಲ್ಲವನಾ?”

ಯೋಗೀಶ್ ಸ್ಪ್ಯಾನರ್ ತೆಗೆದುಕೊಂಡು ಮೊದಲನೆಯದರ ಅಂಚಿಗೆ ಮೆಲ್ಲಗೆ ತಟ್ಟಿದ. ಒಳಗೆ ಬಿರುಕಿದ್ದರೆ ಸದ್ದು ಮಂಕಾಗುತ್ತದೆ. ದೇವರ ಗಂಟೆಯಂತೆ ಉದ್ದಕ್ಕೆ ಸ್ವರ ಬಂತು. ಎರಡನೆಯದು, ಅದೇ ಸ್ವರ. ಮೂರನೆಯದು, ಅದೇ. ನಾಲ್ಕನೆಯದನ್ನು ಹತ್ತಿರಕ್ಕೆ ಎಳೆದುಕೊಂಡ.

ಕರಿಯನ ಸೂಜಿ ನಿಂತಿತು. ಬಾಗಿಲಲ್ಲಿದ್ದ ಜಲಜ ಗಂಡನ ಮುಖ ನೋಡಿದಳು.

“ಯೋಗೀಶಾ, ಊಟಕ್ಕೆ ಬಾ. ಕಾಣೆ ಮೀನ್ ಹುರ್ದದ್ ತಣಿತ್ತ್.”

“ಬಂದೆ, ಇದೊಂದ್—”

“ಈಗ್ಲೇ ಬಾ ಅಂದೆ! ದಿನಾ ತಣ್ದದ್ ಉಂಬ್ದೇ ಆಯ್ತ್ ನಿಂಗೆ.”

ಅವನು ಸ್ಪ್ಯಾನರ್ ಇಟ್ಟು ಕೈ ತೊಳೆದ. ಮೂರು ಕಾಣೆ ತಿಂದ. ಎರಡು ಸಲ ಅನ್ನ ಹಾಕಿಸಿಕೊಂಡ. ಊಟವಾಗುವಷ್ಟರಲ್ಲಿ ಗೆಳೆಯ ರತೀಶ್ ಬಂದು ನಾಲ್ಕಕ್ಕೂ ಟೈರು ಏರಿಸಲು ತಲ್ಲೂರಿಗೆ ಹೊತ್ತುಕೊಂಡು ಹೋದ.

*

ಕೋಟದಿಂದ ಒಳಗೆ, ಕಲ್ಲು ನೆಟ್ಟು ಟಾರು ಹಾಕಿದರೂ ಮನೆಗಳೇ ಏಳದ ಒಂದು ಲೇಔಟಿನಲ್ಲಿ ಸ್ಪರ್ಧೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಂಬಗಳ ನಡುವೆ ಒಬ್ಬೊಬ್ಬರಾಗಿ ನಾಲ್ಕು ಸುತ್ತು. ಜಲಜ, ಕರಿಯ ಒಂದು ಸೈಟುಕಲ್ಲಿನ ಮೇಲೆ ಕೂತಿದ್ದರು. ಬೈಂದೂರು ಮಾರ್ಕೆಟ್ಟಿಗೆ ಹೋಗದ ಆ ದಿನವೂ ಅವಳು ಅಭ್ಯಾಸಬಲದಿಂದ ಬುಟ್ಟಿ ತಂದಿದ್ದಳು. ಅದರಲ್ಲಿ ಮಗನಿಗೆ ಅವಲಕ್ಕಿ, ನೀರು. ಸುಧೀರ್ ಬಂದಿಲ್ಲ ಎಂದುಕೊಂಡಿದ್ದರು. ಬಂದಿದ್ದ. ದೂರದಲ್ಲಿ ಟೆಂಪೋ ನಿಲ್ಲಿಸಿ ಅದರ ಮರೆಯಲ್ಲಿ ಬೀಡಿ ಸೇದುತ್ತಿದ್ದ.

ಮೊದಲ ಎರಡು ಸುತ್ತು ಯೋಗೀಶ್ ಎಲ್ಲರಿಗಿಂತ ಮುಂದೆ. ರತೀಶ್ ಕೈಯಲ್ಲಿ ಗಡಿಯಾರ ಹಿಡಿದು ಕುಣಿದ. “ಹ್ವಾಯ್ ಕರಿಯಣ್ಣ! ಒಂದೂವರೆ ಸೆಕೆಂಡ್! ನಿಮ್ ಮಗ ಗಾಳಿ!”

“ಫ್ಯಾನ್ ಹಗುರ ಆದ್ರೆ ಹಾಂಗೇ,” ಅಂದ ಕರಿಯ.

ಮೂರನೇ ಸುತ್ತಿನ ಎಡ ತಿರುವಿನಲ್ಲಿ ತೆಂಗಿನಕಾಯಿ ಒಡೆದ ಹಾಗೆ ಒಂದು ಸದ್ದು. ಮುಂದಿನ ಬಲಚಕ್ರ ಕುಸಿಯಿತು. ಕಾರು ಮೂತಿಯಿಂದ ಟಾರನ್ನು ಉಳುತ್ತ ಹೋಗಿ, ಅಡ್ಡ ಬಿದ್ದು, ಬಲಮಗ್ಗುಲಿಗೆ ಮಗುಚಿ ಉಜ್ಜಿಕೊಂಡೇ ಹೋಯಿತು. ಕಿಟಕಿಗೆ ಕಟ್ಟಿದ್ದ ಬಲೆ ಹರಿದಿತ್ತು. ಯೋಗೀಶನ ಬಲಗೈ ಹೊರಗೆ, ಬಾಗಿಲು ಮತ್ತು ರಸ್ತೆಯ ನಡುವೆ. ಹದಿನೈದು ಮಾರು ಉದ್ದಕ್ಕೂ ಟಾರಿನ ಮೇಲೆ ಕೆಂಪು ಗೆರೆ ಎಳೆದುಕೊಂಡು ಹೋಗಿ ಕಾರು ನಿಂತಿತು. ಆಮೇಲೆ ಅವನು ಕೂಗಿದ. ಜನ ಕಾರನ್ನು ಎತ್ತಿದಾಗ ಮಣಿಕಟ್ಟಿನಿಂದ ಕೆಳಗೆ ಕೈ ಎನ್ನುವಂಥದ್ದು ಉಳಿದಿರಲಿಲ್ಲ.

ಎಲ್ಲರಿಗಿಂತ ಮೊದಲು ಓಡಿಬಂದವನು ಸುಧೀರ್. ತಮ್ಮನನ್ನು ಎಳೆದು ತೆಗೆದವನು, ತನ್ನ ಲುಂಗಿ ಬಿಚ್ಚಿ ತೋಳು ಬಿಗಿದು ಕಟ್ಟಿದವನು, ಮೀನಿನ ಟೆಂಪೋದಲ್ಲಿ ಐಸಿನ ಪಕ್ಕ ಮಲಗಿಸಿಕೊಂಡು ಹಾರನ್ ಒತ್ತಿದ ಕೈ ತೆಗೆಯದೆ ಕುಂದಾಪುರಕ್ಕೆ ಓಡಿಸಿದವನು ಅವನೇ.

ಜಲಜ ಮಾತ್ರ ಸೈಟುಕಲ್ಲಿನ ಬಳಿಯೇ ಉಳಿದಿದ್ದಳು. ಅವಳ ಮುಂದೆ, ಹುಲ್ಲಿನಲ್ಲಿ, ವೀಲಿನ ಒಂದು ತುಂಡು ಬಂದು ಬಿದ್ದಿತ್ತು. ಇನ್ನೂ ಬಿಸಿ. ಒಡೆದ ಅಂಚಿನಲ್ಲಿ ಬಣ್ಣದ ಕೆಳಗೆ ಮುತ್ತುವಿನ ಬೆಸುಗೆ ಹುಳುವಿನಂತೆ ಸಾಲಾಗಿ ಕಾಣುತ್ತಿತ್ತು. ಅದು ಬಿಟ್ಟಿರಲಿಲ್ಲ. ಅದರ ಪಕ್ಕದಲ್ಲೇ ಒಡೆದಿತ್ತು. ಅವಳು ಅದನ್ನು ಸೆರಗಿನಲ್ಲಿ ಹಿಡಿದು ಬುಟ್ಟಿಗೆ ಹಾಕಿ ಮೇಲೆ ಅವಲಕ್ಕಿಯ ಡಬ್ಬಿ ಇಟ್ಟಳು. ತಲೆ ಎತ್ತಿದಾಗ ಕರಿಯ ನೋಡುತ್ತಿದ್ದ.

*

ಆಸ್ಪತ್ರೆಯ ಅಂಗಳದಲ್ಲಿ ರತೀಶನೂ ಮತ್ತೆ ಮೂವರೂ ಸುಧೀರನನ್ನು ಹಿಡಿದರು.

“ನೀನೇ ಹೊಡ್ದದ್! ಸುತ್ತಿಗೆ ತಕಂಡ್ ನೀನೇ ಹೊಡ್ದದ್ ಅದೇ ಚಕ್ರಕ್ಕೆ! ಇಡೀ ಊರಿಗೆ ಗೊತ್ತಿತ್ತ್!”

ಮೊದಲ ಗುದ್ದಿಗೆ ಹುಬ್ಬಿನ ಹಳೆಯ ಗಾಯ ಮತ್ತೆ ಬಾಯಿ ಬಿಟ್ಟಿತು. ಸುಧೀರ್ ಕೈ ಎತ್ತಲಿಲ್ಲ. ಒಬ್ಬ ಹಿಂದಿನಿಂದ ಮೊಣಕಾಲಿಗೆ ಒದ್ದ. ಬಿದ್ದವನ ಪಕ್ಕೆಲುಬಿಗೆ ರತೀಶ್ ಬೂಟಿನಲ್ಲಿ ಒದೆಯುತ್ತಲೇ ಇದ್ದ. ಒಂದೊಂದು ಒದೆಗೂ ಅಳುತ್ತಿದ್ದ. ಸುದ್ದಿ ಕೇಳಿ ಬಂದಿದ್ದ ವಿನಯಾ ಗಂಡನ ಮೇಲೆ ಬಿದ್ದು ಬೆನ್ನೊಡ್ಡಿದಳು. ಅವಳಿಗೂ ಒಂದು ಬಿತ್ತು.

“ಮಾವಯ್ಯಾ, ಬಿಡ್ಸಿ! ಎಂತ ಕಾಂತಾ ನಿಂತಿದ್ರಿ?”

ಕರಿಯ ಗುಂಪನ್ನು ಸೀಳಿಕೊಂಡು ಬಂದ. ಹುಡುಗರು ಸರಿದು ನಿಂತರು. ಕರಿಯ ಬಗ್ಗಿ ದೊಡ್ಡ ಮಗನ ಕೂದಲು ಹಿಡಿದೆತ್ತಿ ಕೆನ್ನೆಗೆ ಹೊಡೆದ. ಒಂದಲ್ಲ, ನಾಲ್ಕು.

“ತಮ್ಮನ್ ಕೈ ತಿಂದ್ಯಲ್ಲಾ, ಪಾಪಿ!”

ಜಲಜ ಬುಟ್ಟಿ ಅಪ್ಪಿಕೊಂಡು ಮೆಟ್ಟಿಲ ಮೇಲಿದ್ದಳು. ಗಂಡನ ಕಣ್ಣು ಒಮ್ಮೆ ಬುಟ್ಟಿಯ ಕಡೆ ಹೋಗಿ ಬಂದದ್ದನ್ನು ಅವಳೊಬ್ಬಳೇ ಕಂಡಳು. ಅವಳ ಬಾಯಿ ತೆರೆಯಿತು. ಆಗಲೇ ನರ್ಸು ಹೊರಗೆ ಬಂದು, ಕೈ ತೆಗೆಯಲೇಬೇಕು, ಯಾರು ಸಹಿ ಹಾಕುತ್ತೀರಿ ಎಂದು ಕೇಳಿದಳು. ಕರಿಯ ಒಳಗೆ ಹೋದ.

ಆ ಸಂಜೆಯೇ ವಿನಯಾ ಗಂಡನನ್ನು ಬ್ರಹ್ಮಾವರದ ತನ್ನ ತಾಯಿಮನೆಗೆ ಕರೆದುಕೊಂಡು ಹೋದಳು. ರತೀಶ್ ಠಾಣೆಯಲ್ಲಿ ದೂರು ಬರೆಸಿದ: ಕೊಲ್ಲಬೇಕೆಂದೇ ಚಕ್ರ ಕೆಡಿಸಿದ್ದು. ಪೊಲೀಸರು ಲೇಔಟಿಗೆ ಹೋಗಿ ವೀಲಿನ ಚೂರುಗಳನ್ನು ಹೆಕ್ಕಿದರು. ಒಂದು ತುಂಡು ಸಿಗಲಿಲ್ಲ.

*

ಒಂಬತ್ತನೆಯ ದಿನ ಜಲಜ ನಾಲ್ಕು ಬಂಗುಡೆ ಕಟ್ಟಿಕೊಂಡು ಬ್ರಹ್ಮಾವರಕ್ಕೆ ಹೋದಳು. ವಿನಯಾ ಮೀನು ಮುಟ್ಟಲಿಲ್ಲ.

“ಅತ್ತೆ, ಇದ್ನ ಯಾರ್ ತಿಂತ್ರ್? ಅವ್ರ್ ನೀರ್ ಬಿಟ್ರೆ ಎಂತದೂ ಮುಟ್ಟುದಿಲ್ಲೆ.”

ಸುಧೀರ್ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಎರಡು ಪಕ್ಕೆಲುಬು ಬಿರಿದಿದ್ದವು. ತಾಯಿಯ ದನಿ ಕೇಳಿ ತಿರುಗಿದ.

“ಸೋಮವಾರ ಠಾಣೆಗೆ ಹೋತೆ ಅಮ್ಮ. ನಾನೇ ಮಾಡದ್ ಅಂತ ಬರ್ಕೊಡ್ತೆ.”

“ನೀ ಎಂತ ಮಾಡಿದ್ದೆ?”

“ಹೊಡ್ದೆ ಅಲ್ದಾ? ಮೂರ್ ಏಟ್. ಬಿರುಕ್ ಒಳಗೇ ಇದ್ದಿತ್ತ್, ಯಾರಿಗೂ ಕಾಂಬ್ಲಿಲ್ಲೆ. ಒಡಿತ್ತ್ ಅಂತ ನಾನೇ ಹೇಳಿದ್ದೆ. ನಾನೇ ಒಡ್ದೆ.”

ಜಲಜ ಅವನ ಹಣೆ ಮುಟ್ಟಲು ಹೋದಳು. ಹೊಲಿಗೆಗಳ ಮೇಲೆ ಕೈ ಇಡಲು ಜಾಗವಿರಲಿಲ್ಲ. ಎದ್ದು ಬಂದಳು. ಬಸ್ ನಿಲ್ದಾಣದವರೆಗೆ ವಿನಯಾ ಹಿಂದೆಯೇ ಬಂದಳು.

“ಅತ್ತೆ, ನಿಮ್ಗ್ ಎಂತದೋ ಗೊತ್ತಿತ್ತ್.”

ಬಸ್ಸು ಬಂತು.

*

ಭಾನುವಾರ ಯೋಗೀಶನನ್ನು ಮನೆಗೆ ತಂದರು. ಮೊಣಕೈಯ ಕೆಳಗೆ ಬಿಳಿ ಬಟ್ಟೆಯ ಗಂಟು. ಜಲಜ ಕೊಚ್ಚಕ್ಕಿ ಗಂಜಿ ಬಡಿಸಿ ತುತ್ತು ಮಾಡಿ ಬಾಯಿಗೆ ಹಿಡಿದಳು. ಅವನು ಮುಖ ತಿರುಗಿಸಿ ಎಡಗೈಯಲ್ಲಿ ಚಮಚ ಹಿಡಿದ. ಗಂಜಿ ಎದೆಯ ಮೇಲೆ ಚೆಲ್ಲಿತು. ತಟ್ಟೆಯನ್ನು ಎತ್ತಿ ಗೋಡೆಗೆ ಎಸೆದ. ಚಾಕ್‌ನಲ್ಲಿ ಬರೆದ ಅಂಕಿಗಳ ಮೇಲೆ ಅನ್ನ ಜಾರಿತು.

“ನಾಳೆ ಪೊಲೀಸರ್ ಬತ್ರ್. ನಾನ್ ಹೇಳ್ತೆ. ಹತ್ತ್ ವರ್ಷ ಒಳಗ್ ಕೂತ್ಕಣ್ಲಿ ಆ ನಾಯಿ.”

“ಅಣ್ಣ ಅವ,” ಅಂದಳು ಜಲಜ.

“ಅಣ್ಣ ಅಲ್ಲ. ಅವ್ನ್ ಹೆಸ್ರ್ ಈ ಮನೆಲಿ ಎತ್ಬೇಡ.”

ಅಡುಗೆಮನೆಯಲ್ಲಿ ಅವಳು ಗಂಡನಿಗೆ ಹೇಳಿದಳು, “ಹ್ವಾಯ್, ನೀವೇ ಹೇಳಿ. ನೀವ್ ಹೇಳ್ರೆ ಅವ ಕೇಂತ.”

“ಎಂತ ಹೇಳ್ಕ್?”

“ಮುತ್ತು ಬ್ಯಾಡ ಅಂದದ್ದ್. ಬಸ್ಸಿನಲ್ಲಿ ನೀವ್ ಹೇಳದ್ದ್. ನಾ ಅವನ್ನ ಊಟಕ್ಕ್ ಕರ್ದದ್ದ್.”

ಕರಿಯನ ಮುಷ್ಟಿ ಅವಳ ದವಡೆಗೆ ಬಿತ್ತು. ಅವಳು ಒಲೆಗೆ ತಾಗಿ ಕೂತಳು. ಬಾಯಲ್ಲಿ ಒಂದು ಹಲ್ಲು ಅಲುಗಾಡಿತು. ಅವನು ಭರಣಿ ಉರುಳಿಸಿದ, ಒಣಮೀನಿನ ಚೀಲ ಹರಿದ, ಅಕ್ಕಿಡಬ್ಬಿಯಲ್ಲಿ ಮೊಣಕೈವರೆಗೆ ಕೈ ಹಾಕಿದ. ಹುಡುಕಿದ್ದು ಸಿಗಲಿಲ್ಲ.

*

ಸೋಮವಾರ ಬೆಳಿಗ್ಗೆ ಏಳಕ್ಕೆ ಜಲಜ ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಅಂಗಳ ಇಳಿದಳು. ಕೆನ್ನೆ ಒಂದು ಕಡೆ ಊದಿತ್ತು. ಬೇಲಿಯ ದಣಪೆಯ ಹತ್ತಿರ ಕರಿಯ ಅಡ್ಡ ನಿಂತಿದ್ದ.

“ಇವತ್ತ್ ಮೀನಿಲ್ಲೆ. ಠಾಣೆಗಾ ಹೊರ್ಟದ್ದ್? ಬುಟ್ಟಿಲಿ ಎಂತ ಇತ್ತ್?”

ಅವಳು ಪಕ್ಕಕ್ಕೆ ಸರಿದು ದಾಟಲು ನೋಡಿದಳು. ಅವನು ಬುಟ್ಟಿಗೆ ಕೈ ಹಾಕಿ ಎಳೆದ. ಅವಳು ಬಿಡಲಿಲ್ಲ. ಬುಟ್ಟಿ ನೆಲಕ್ಕೆ ಬಿತ್ತು. ಬಾಳೆಲೆ, ಕತ್ತಿ, ಬಟ್ಟೆಯಲ್ಲಿ ಸುತ್ತಿದ ತುಂಡು. ಇಬ್ಬರೂ ಒಟ್ಟಿಗೇ ಬಗ್ಗಿದರು. ಅವನು ಅವಳ ಮಣಿಕಟ್ಟು ತಿರುಚಿದ. ಅವಳು ಇನ್ನೊಂದು ಕೈಯಲ್ಲಿ ಮೀನು ಕೊಯ್ಯುವ ಕತ್ತಿ ಎತ್ತಿ ಅವನ ಮುಂಗೈಯ ಮೇಲೆ ಎಳೆದಳು. ಮೂವತ್ತು ವರ್ಷದಲ್ಲಿ ಮೊದಲ ಸಲ. ಕರಿಯ ಕೈ ಬಿಟ್ಟ. ತೊಟ್ಟಿಕ್ಕುವ ರಕ್ತವನ್ನು ನೋಡಿದ, ಅವಳನ್ನು ನೋಡಿದ. ಮುದುಕನಾಗಿ ಕಂಡ.

ಅವಳು ತುಂಡನ್ನು ಎದೆಗೆ ಒತ್ತಿಕೊಂಡು ನಿಂತಳು.

“ಜಲಜಾ, ಕೇಣ್,” ಅಂದ. ದನಿ ಕೆಳಗಿಳಿದಿತ್ತು. “ನಾನೇ ಹೋಗಿ ಸುಧೀರನ್ನ ಕರ್ಕಂಡ್ ಬತ್ತೆ. ಕಾಲ್ ಹಿಡ್ಕಂತೆ ಬೇಕಾರೆ. ದೂರ್ ವಾಪಸ್ ತಕಂಬುಕೆ ರತೀಶಂಗೆ ನಾ ಹೇಳ್ತೆ, ಅವ ಕೇಂತ. ಟೆಂಪೋ ಸುಧೀರನ್ ಹೆಸ್ರಿಗೆ ಮಾಡ್ತೆ, ಇವತ್ತೇ. ನಾಲ್ಕೂ ಹೊಸ ಟೈರ್. ಎಲ್ಲ ಒಂದೇ ಒಲೆಲಿ ಉಂಬ. ಆ ತುಂಡೊಂದ್ ಕೊಡ್, ಸಮುದ್ರಕ್ಕ್ ಹಾಕಿ ಬತ್ತೆ. ಅವ್ನ್ ಕೈ ನಾನೇ ತೆಗ್ದದ್ ಅಂತ ಗೊತ್ತಾದ್ರೆ ಯೋಗೀಶ ನನ್ ಮುಖ ಕಾಣ. ಅದೊಂದ್ ಬೇಡ.”

ಜಗಲಿಯಲ್ಲಿ ಬಾಗಿಲು ಸದ್ದಾಯಿತು. ಯೋಗೀಶ್ ಗೋಡೆ ಹಿಡಿದು ನಿಂತಿದ್ದ, ಅನ್ನ ಒಣಗಿದ ಅಂಕಿಗಳ ಪಕ್ಕ.

“ಎಂತ ತುಂಡ್ ಅಮ್ಮ?” ಅಂದ. “ಎಂತ ಅದ್?”

ಕರಿಯ ಮಗನ ಕಡೆ ತಿರುಗಲಿಲ್ಲ. ರಕ್ತ ಸುರಿಯುವ ಕೈಯನ್ನು ಹೆಂಡತಿಯ ಮುಂದೆ ಚಾಚಿದ.

“ಕೊಡ್,” ಅಂದ ಪಿಸುದನಿಯಲ್ಲಿ.

“ಕೊಡ್ತಿಲ್ಲೆ,” ಅಂದಳು ಜಲಜ.